ತೇಪೆ ಎಂದು ಹೀಗಳೆಯುವ ಮುನ್ನ

ಮಾನ್ಯ ಸಂಪಾದಕರೇ,

ಎರಡನೆಯ ಮಹಾಯುದ್ಧದ ಟ್ಯಾಂಕುಗಳ ಕುರಿತು ತಮ್ಮ ಪುರವಣಿಯಲ್ಲಿ ಬಂದಿರುವ ಲೇಖನವು, ಅಮೆರಿಕದ ಶರ್ಮನ್ ಟ್ಯಾಂಕಿಗೆ ಬ್ರಿಟಿಷರು ತಮ್ಮ 17 ಪೌಂಡರ್ (ಸುಮಾರು 17 ಪೌಂಡ್ ತೂಕದ ಗುಂಡು ಹಾರಿಸುವ) ಫಿರಂಗಿ ಕೂರಿಸಿ ಮಾಡಿಕೊಂಡ ‘ಫೈರ್‌ಫ್ಲೈ’ಯನ್ನು ‘ತೇಪೆ ಹಚ್ಚಿದ ಟ್ಯಾಂಕು’ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದೆ. ಅದು ತೇಪೆಯೇ, ಒಪ್ಪುತ್ತೇನೆ. ಆದರೆ ಅದು ಎಂಥ ತೇಪೆ ಎಂಬುದನ್ನು ಲೇತುಗಳ ನಡುವೆಯೇ ಕೆಲಸ ಮಾಡಿ ನಿವೃತ್ತನಾದ ನನ್ನಂಥವನು ಹೇಳದಿದ್ದರೆ ತಪ್ಪಾದೀತು.

ದೊಡ್ಡ ಫಿರಂಗಿ ಕೂರಿಸಹೊರಟವರಿಗೆ ಮೊದಲು ಎದುರಾಗುವುದು ಟ್ಯಾಂಕಿನ ಗೋಪುರ ಕುಳಿತು ತಿರುಗುವ ಉಕ್ಕಿನ ಬಳೆಯ ಅಗಲದ ಪ್ರಶ್ನೆ. ಗುಂಡು ಹಾರಿದಾಗ ಫಿರಂಗಿ ಹಿಂದಕ್ಕೆ ಸರಿಯಲು ಜಾಗ ಬೇಕು, ಅದರ ಹಿಂದೆ ಉದ್ದನೆಯ ಗುಂಡನ್ನು ತಿರುಗಿಸಿ ತುಂಬುವವನಿಗೂ ಜಾಗ ಬೇಕು. ಜರ್ಮನರ ಪಾಂಜರ್ 3 ಟ್ಯಾಂಕಿನ ಬಳೆ ಉದ್ದ ನಳಿಗೆಯ 75 ಮಿ.ಮೀ. ಫಿರಂಗಿಗೆ ಸಾಲಲಿಲ್ಲ. ಅದೇ ಅಡಿಗಟ್ಟಿನ ಮೇಲೆ ತಯಾರಾಗುತ್ತಿದ್ದ, ಗೋಪುರವೇ ಇಲ್ಲದ ಸ್ಟುಗ್ 3 ಎಂಬ ಫಿರಂಗಿ ಬಂಡಿಯಲ್ಲಿ ಮಾತ್ರ 1942ರಲ್ಲಿ ಅದು ಸಲೀಸಾಗಿ ಕುಳಿತಿತು. ಪಕ್ಕದ ಗುರಿಗೆ ಇಡೀ ಬಂಡಿಯನ್ನೇ ತಿರುಗಿಸಬೇಕಾಯಿತು ಎಂಬುದು ಬೇರೆ ಮಾತು. ಸೋವಿಯತ್ ಕಾರ್ಖಾನೆಗಳು 1944ರಲ್ಲಿ ಟಿ-34 ಟ್ಯಾಂಕಿಗೆ 85 ಮಿ.ಮೀ. ಫಿರಂಗಿ ಹಾಕುವಾಗ ಬಳೆಯನ್ನು ಸುಮಾರು 1,420 ಮಿ.ಮೀ.ಯಿಂದ 1,600 ಮಿ.ಮೀ.ಗೆ ಹಿಗ್ಗಿಸಿದವು, ಎಂಜಿನ್ ಮತ್ತು ಚಕ್ರಗಳ ತಂಟೆಗೆ ಹೋಗಲಿಲ್ಲ. ಹಿಗ್ಗಿಸುವುದು ಎಂದು ಬರೆಯುವುದು ಸುಲಭ. ಅಷ್ಟಗಲದ ಬಳೆಯನ್ನು ಓರೆಯಿಲ್ಲದೆ ಕಡೆಯುವ ಯಂತ್ರ ಎಲ್ಲ ಯಂತ್ರಶಾಲೆಗಳಲ್ಲೂ ಇರುವಂಥದ್ದಲ್ಲ.

ಬ್ರಿಟಿಷರು ಶರ್ಮನ್ನಿನ ಬಳೆಯನ್ನು ಮುಟ್ಟಲೇ ಇಲ್ಲ. ವಿಕರ್ಸ್ ಕಂಪನಿಯ ಎಂಜಿನಿಯರ್ ಕಿಲ್ಬರ್ನ್ ಅವರು ಫಿರಂಗಿಯ ಹಿನ್ನೆಗೆತವನ್ನು ತಡೆಯುವ ಸಿಲಿಂಡರುಗಳನ್ನು ಗಿಡ್ಡಗೊಳಿಸಿ ಎರಡು ಪಕ್ಕಗಳಲ್ಲಿ ಇರಿಸಿದರು. ಎಡಗಡೆ ನಿಂತವನು ಗುಂಡು ತುಂಬಲು ಅನುವಾಗುವಂತೆ ಫಿರಂಗಿಯನ್ನೇ ಕಾಲು ಸುತ್ತು ಹೊರಳಿಸಿ ಮಲಗಿಸಲಾಯಿತು. ರೇಡಿಯೊಗೆ ಒಳಗೆ ಜಾಗವಿಲ್ಲದಾದಾಗ ಗೋಪುರದ ಹಿಂಗೋಡೆಯನ್ನು ಕೊರೆದು, ಹೊರಗೆ ಕವಚದ ಪೆಟ್ಟಿಗೆಯೊಂದನ್ನು ಬೆಸೆದು ಅದರಲ್ಲಿಟ್ಟರು. ಮುಂದಕ್ಕೆ ಚಾಚಿದ ಉದ್ದ ನಳಿಗೆಗೆ ಆ ಪೆಟ್ಟಿಗೆಯೇ ಹಿಂದಿನ ತೂಕವೂ ಆಯಿತು. ಇಂಥ ಒಂದೇ ಕಲ್ಲಿಗೆ ಎರಡು ಹಕ್ಕಿಯ ಕೆಲಸ ಕಂಡರೆ ಕಾರ್ಖಾನೆಯವರ ಮನಸ್ಸು ಅರಳುತ್ತದೆ. ಗುಂಡು ತುಂಬುವವನು ಹೊರಬರುವ ದಾರಿಗೆ ಫಿರಂಗಿ ಅಡ್ಡವಾದ್ದರಿಂದ ಅವನ ತಲೆಯ ಮೇಲೆ ಹೊಸ ಬಾಗಿಲು ತೆರೆದರು. ಮುಂದೆ ಚಾಲಕನ ಪಕ್ಕ ಕೂರುತ್ತಿದ್ದ ಮೆಷಿನ್‌ಗನ್ನಿನವನ ಜಾಗ ಗುಂಡುಗಳ ಪಾಲಾಯಿತು, ಸಿಬ್ಬಂದಿ ಐವರಿಂದ ನಾಲ್ವರಾದರು.

ಇದಕ್ಕೆ ಎದುರಾಗಿ ಅದೇ ಯುದ್ಧಕಾಲದ ಬ್ರಿಟಿಷರ ಚಾಲೆಂಜರ್ ಟ್ಯಾಂಕನ್ನು ಇಟ್ಟು ನೋಡಬೇಕು. ಅದೇ 17 ಪೌಂಡರಿಗಾಗಿ ಕ್ರಾಮ್‌ವೆಲ್ ಟ್ಯಾಂಕಿನ ಒಡಲನ್ನು ಉದ್ದ ಮಾಡಿ, ಪ್ರತಿ ಪಕ್ಕಕ್ಕೆ ಒಂದೊಂದು ಚಕ್ರ ಹೆಚ್ಚಿಸಿ, ಎತ್ತರದ ಹೊಸ ಗೋಪುರ ಕೂರಿಸಿದರು. ತಯಾರಾದದ್ದು 200 ಮಾತ್ರ. ಫೈರ್‌ಫ್ಲೈಗಳೋ 2,000ಕ್ಕೂ ಮೀರಿ ಪರಿವರ್ತನೆಯಾದವು. 1944ರ ಜೂನ್‌ನಲ್ಲಿ ನಾರ್ಮಂಡಿಗೆ ಇಳಿದ ಬ್ರಿಟಿಷ್ ಶರ್ಮನ್ ಪಡೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಟ್ಯಾಂಕಿಗೆ ಒಂದರಂತೆ ಇದ್ದವು.

ಉತ್ಪಾದನೆಯ ಲೆಕ್ಕವೊಂದೇ ಸದಾ ಸರಿ ಎಂದು ನಾನು ವಾದಿಸುತ್ತಿಲ್ಲ. 1940ರಲ್ಲಿ ಫ್ರಾನ್ಸಿನಿಂದ ಹಿಂದೆ ಸರಿಯುವಾಗ ಡಂಕರ್ಕ್ ಬಂದರಿನಲ್ಲಿ ಶಸ್ತ್ರಾಸ್ತ್ರಗಳನ್ನು ಬಿಟ್ಟುಬಂದ ಬ್ರಿಟನ್, 6 ಪೌಂಡರಿನ ವಿನ್ಯಾಸ ಕೈಯಲ್ಲಿದ್ದರೂ ಯಂತ್ರಗಳ ಜೋಡಣೆ ಬದಲಿಸಿದರೆ ಸಂಖ್ಯೆ ಕುಸಿಯುತ್ತದೆಂದು ಹಳೆಯ, ಚಿಕ್ಕ 2 ಪೌಂಡರ್ ಫಿರಂಗಿಯನ್ನೇ ತಯಾರಿಸುತ್ತ ಹೋಯಿತು. ಅದರ ಬೆಲೆಯನ್ನು ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಸೈನಿಕರು ತೆತ್ತರು. ಲೇಖಕರು ಮುಂದಿನ ಕಂತಿನಲ್ಲಿ ಚಾಲೆಂಜರ್ ಮತ್ತು ಈ 2 ಪೌಂಡರ್ ಎರಡರ ಬಗೆಗೂ ಬರೆಯಲಿ ಎಂದು ಕೋರುತ್ತೇನೆ.

ಇಂತಿ,
ನಿವೃತ್ತ ಯಂತ್ರಶಾಲಾ ಮೇಲ್ವಿಚಾರಕ