ಮಳೆಗಾಲದ ಮಲೆನಾಡಿನಲ್ಲಿ ಸ್ಪ್ರೇ ಡಬ್ಬಿ ಮುಟ್ಟಬೇಡಿ

ಮಾನ್ಯರೇ,

ಫ್ಯಾಂಟಸಿ ಬೋರ್ಡ್ ಆಟಗಳ ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚುವ ಹವ್ಯಾಸದ ಕುರಿತು ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆವು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ವಾರ್‌ಹ್ಯಾಮರ್ ಎಂಬ ಹೆಸರುಗಳು ಕನ್ನಡ ಪತ್ರಿಕೆಯಲ್ಲಿ ಕಂಡದ್ದೇ ಖುಷಿ. ಆದರೆ ಅದರಲ್ಲಿದ್ದ ಸಲಹೆಗಳೆಲ್ಲ ಒಣಹವೆಯ ಊರಿನವು. ‘ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ತಳಪದರ) ಸ್ಪ್ರೇ ಮಾಡಿ, ಕಾಲು ಗಂಟೆ ಬಿಟ್ಟು ಬಣ್ಣ ಹಚ್ಚಿ, ಕೊನೆಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆಯಿರಿ’ ಎಂದು ಆಷಾಢದಲ್ಲಿ ಶಿವಮೊಗ್ಗ ಆವೃತ್ತಿಯಲ್ಲಿ ಅಚ್ಚಾದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹುಡುಗರು ಹಾಗೇ ಮಾಡುತ್ತಾರೆ. ಗೊಂಬೆ ಬೆಳ್ಳಗೆ ಮಂಕು ಬಡಿದಾಗ ತಮಗೆ ಕೈ ಕೂಡಲಿಲ್ಲ ಎಂದುಕೊಂಡು ಕುಂಚ ಕೆಳಗಿಡುತ್ತಾರೆ. ಆ ತಪ್ಪು ಗಾಳಿಯಲ್ಲಿರುವ ನೀರಿನದು.

ಆಗುವುದೇನೆಂದರೆ, ಡಬ್ಬಿಯಿಂದ ಹೊರಬಿದ್ದ ದ್ರಾವಕ ಆರುವಾಗ ಗೊಂಬೆಯ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಮೈ ತಣ್ಣಗಾದೊಡನೆ ಸುತ್ತಲಿನ ಗಾಳಿಯ ತೇವ ಅಲ್ಲೇ ಸಣ್ಣ ಹನಿಯಾಗಿ ಕೂತು, ಇನ್ನೂ ಹಸಿಯಿರುವ ಪದರದಲ್ಲಿ ಸಿಕ್ಕಿಕೊಳ್ಳುತ್ತದೆ. ವಾರ್ನಿಷ್‌ನಲ್ಲಿ ಅದು ಬೂದಿ ಎರಚಿದಂಥ ಬಿಳುಪು, ಪ್ರೈಮರ್‌ನಲ್ಲಿ ಮುಟ್ಟಿದರೆ ಏಳುವ ಸಡಿಲ ಪದರ. ಸಾಪೇಕ್ಷ ಆರ್ದ್ರತೆ ಶೇ 65 ದಾಟಿದರೆ ಸ್ಪ್ರೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಅಂಚಿನ ಮನೆಗಳ ಒಳಗೇ ಅದು 85ರ ಮೇಲಿರುವುದು ಮಾಮೂಲು. ಶಿವಮೊಗ್ಗ ಪೇಟೆಯಲ್ಲಿ ಮಳೆ ಬಿಟ್ಟ ಮಧ್ಯಾಹ್ನ ಒಂದೆರಡು ತಾಸು ಕೆಳಗಿಳಿಯಬಹುದು. ಅಂದಾಜಿಗೆ ಬಿಡುವ ಬದಲು ಕೆಲವು ನೂರು ರೂಪಾಯಿಗೆ ಸಿಗುವ ಗಾಳಿಯ ತೇವ ಅಳೆಯುವ ಡಿಜಿಟಲ್ ಹೈಗ್ರೋಮೀಟರ್ ಒಂದನ್ನು ಕೆಲಸದ ಮೇಜಿನ ಮೇಲಿಟ್ಟುಕೊಳ್ಳುವುದು ಒಳ್ಳೆಯದು. ಹತ್ತನೇ ಕುಂಚ ಕೊಳ್ಳುವುದಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ದೋಷವನ್ನು ಇದರೊಡನೆ ಬೆರೆಸಬಾರದು. ಮೈ ಉಪ್ಪುಕಾಗದದಂತೆ ತರಿತರಿಯಾಗಿದ್ದರೆ ಕಾರಣ ತೇವವಲ್ಲ. ಡಬ್ಬಿ ದೂರವಾಯಿತು ಅಥವಾ ಬಿಸಿಲು ಜೋರಾಗಿತ್ತು, ಹನಿ ಗೊಂಬೆ ಮುಟ್ಟುವ ಮುಂಚೆಯೇ ಒಣಗಿತು. ಅದು ಮಾರ್ಚ್, ಏಪ್ರಿಲ್‌ನ ಕಾಯಿಲೆ. ಆಗ 20ರಿಂದ 25 ಸೆಂ.ಮೀ. ದೂರದಲ್ಲಿ, ಗೊಂಬೆಯ ಆಚೆಯಿಂದ ಹೊಡೆಯಲು ಶುರುಮಾಡಿ ಈಚೆ ದಾಟಿಸಿ ನಿಲ್ಲಿಸಬೇಕು. ಡಬ್ಬಿಯನ್ನು ಎರಡು ನಿಮಿಷ ಪೂರ್ತಿ ಕುಲುಕಬೇಕು.

ಮಳೆಗಾಲಕ್ಕೆ ದಾರಿ ಎಂದರೆ ಕುಂಚದಿಂದ ಹಚ್ಚುವ ಪಾಲಿಯುರೆಥೇನ್ ಅಕ್ರಿಲಿಕ್ ಪ್ರೈಮರ್. ನೀರು ಬೆರೆಸದೆ, 4 ಅಥವಾ 6 ನಂಬರಿನ ಮೆತ್ತನೆಯ ಕುಂಚದಲ್ಲಿ ತೆಳುವಾಗಿ ಎಳೆಯಬೇಕು. ಮೊದಲ ಕೈ ಅಲ್ಲಲ್ಲಿ ತೇಪೆಯಂತೆ ಕಾಣುತ್ತದೆ, ಗಾಬರಿ ಬೇಡ, ಒಣಗುತ್ತ ಅದು ಬಿಗಿಯುತ್ತದೆ; ಎರಡನೇ ಕೈಗೆ ಸರಿಹೋಗುತ್ತದೆ. ಗುಳಿಗಳಲ್ಲಿ ನಿಂತ ಗುಳ್ಳೆಯನ್ನು ಒಣ ಕುಂಚದ ತುದಿಯಿಂದ ಆಗಲೇ ತೆಗೆಯಬೇಕು. ಕಾಲು ಗಂಟೆಯ ಮಾತು ಇಲ್ಲಿ ನಡೆಯದು: ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಎರಡು ದಿನ ಬಿಡಿ. ಈ ಜಾತಿಯ ಪ್ರೈಮರ್ ಉಜ್ಜಿದರೆ ಪುಡಿಯಾಗುವುದಿಲ್ಲ, ಹಾಲಿನ ಕೆನೆಯಂತೆ ಸುಲಿದು ಬರುತ್ತದೆ. ಹಾಗಾಗಿ ಅಚ್ಚಿನ ಭಾಗಗಳು ಕೂಡಿದಲ್ಲಿ ಗೊಂಬೆಯ ಮೇಲೆ ಉಳಿಯುವ ಗೆರೆಯನ್ನು ಮುಂಚೆಯೇ ಚಾಕುವಿನ ಹಿಂಬದಿಯಿಂದ ಕೆರೆದಿರಬೇಕು.

ಗಾಡಿ ಬಿಡಿಭಾಗದ ಅಂಗಡಿಯ ಬೂದು ಪ್ರೈಮರ್ ಅಗ್ಗವೆಂದು ಬರಹದಲ್ಲಿ ಹೇಳಿತ್ತು. ಅಗ್ಗವೇನೋ ನಿಜ. ಕೆಲವು ಡಬ್ಬಿಗಳ ದ್ರಾವಕ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ ಎಂಬುದನ್ನೂ ಹೇಳಬೇಕಿತ್ತು. ಗೊಂಬೆಯ ಬಿಡಿಭಾಗ ಕತ್ತರಿಸಿದ ಮೇಲೆ ಉಳಿಯುವ ಚೌಕಟ್ಟಿನ ಮೇಲೆ ಮೊದಲು ಹೊಡೆದು, ಮರುದಿನ ಉಗುರಿನಿಂದ ಒತ್ತಿ ನೋಡಿ. ಅಂಟಂಟಾಗಿದ್ದರೆ ಆ ಡಬ್ಬಿ ಸೈಕಲ್ಲಿಗೇ ಸರಿ.

ತೇವ ತಪ್ಪಿಸಲು ಗೊಂಬೆಯನ್ನೋ ಡಬ್ಬಿಯನ್ನೋ ಬಚ್ಚಲು ಒಲೆಯ ಹತ್ತಿರ ಇಡುವ ಉಪಾಯ ನಮ್ಮ ಕಡೆ ಎಲ್ಲರಿಗೂ ಹೊಳೆಯುತ್ತದೆ. ಬೇಡವೇ ಬೇಡ. ಡಬ್ಬಿಯೊಳಗಿನ ಅನಿಲ ಹೊತ್ತಿಕೊಳ್ಳುವಂಥದ್ದು, 50 ಡಿಗ್ರಿ ಮೀರಿದರೆ ಸಿಡಿಯಲೂಬಹುದು. ಪಿಎಲ್ಎ ಎಂಬ ಪ್ಲಾಸ್ಟಿಕ್ಕಿನಲ್ಲಿ 3ಡಿ ಪ್ರಿಂಟರಿನಿಂದ ಮುದ್ರಿಸಿದ ಗೊಂಬೆ 60 ಡಿಗ್ರಿ ಹತ್ತಿರ ಬಂತೆಂದರೆ ಬಾಗುತ್ತದೆ, ಕತ್ತಿ ಹಿಡಿದವನು ಊರುಗೋಲು ಹಿಡಿದವನಾಗುತ್ತಾನೆ. ಮೇಲಿಂದ ಹೊಗೆಮಸಿ ಬೇರೆ.

ಬಣ್ಣದ ವಿಷಯಕ್ಕೆ ಬಂದರೆ, ‘ಪೋಸ್ಟರ್ ಕಲರ್ ಸಾಕು’ ಎಂಬ ಮಾತನ್ನು ಪತ್ರಿಕೆ ತಿದ್ದಬೇಕು. ಪೋಸ್ಟರ್ ಬಣ್ಣ ಹಿಡಿದಿರುವುದು ಗೋಂದಿನಿಂದ. ಒಣಗಿದ ಮೇಲೂ ನೀರು ತಗುಲಿದರೆ ಕರಗುತ್ತದೆ. ಮೇಲೆ ಎರಡನೇ ಬಣ್ಣ ಎಳೆದ ಕೂಡಲೇ ಕೆಳಗಿನದು ಎದ್ದು ಎರಡೂ ಸೇರಿ ಕೆಸರು. ಅಕ್ರಿಲಿಕ್ ಒಣಗಿದರೆ ನೀರಿಗೆ ಜಗ್ಗುವುದಿಲ್ಲ. ಶಾಲಾ ಮಕ್ಕಳ ಅಕ್ರಿಲಿಕ್ ಕೂಡ ನಡೆಯುತ್ತದೆ, ಆದರೆ ಅದರಲ್ಲಿ ವರ್ಣದ್ರವ್ಯ ಕಡಿಮೆ, ಕೆಂಪು ಹಳದಿ ಎಷ್ಟು ಹಚ್ಚಿದರೂ ಕೆಳಗಿನದು ಇಣುಕುತ್ತದೆ. ಮಿನಿಯೇಚರ್‌ಗೆಂದೇ ಬರುವ ಬಣ್ಣದಲ್ಲಿ ಕಪ್ಪು, ಬಿಳಿ, ಕೆಂಪು, ನೀಲಿ, ಹಳದಿ, ಒಂದು ಕಂದು, ಒಂದು ಬೆಳ್ಳಿ, ಒಂದು ಕಂದು ವಾಷ್ (ನೆರಳು ಕೊಡುವ ತೆಳು ದ್ರವ), ಇಷ್ಟೇ ಕೊಂಡು ಉಳಿದದ್ದನ್ನು ಬೆರೆಸಿಕೊಳ್ಳಬಹುದು. ಕಪ್ಪು ಪ್ರೈಮರ್ ಮೇಲೆ ನೇರ ಹಳದಿ ಹಚ್ಚುವವರು ಆರು ಕೈ ಹಚ್ಚಿ ಸೋಲುತ್ತಾರೆ. ನಡುವೆ ಒಂದು ಕೈ ಕಾವಿ ಹಳದಿಯೋ ತಿಳಿ ಗುಲಾಬಿಯೋ ಇದ್ದರೆ ಎರಡೇ ಕೈಗೆ ಕೂರುತ್ತದೆ.

ಒಂದು ಹನಿ ಬಣ್ಣಕ್ಕೆ ಒಂದು ಹನಿ ನೀರು, ತೆಳ್ಳಗೆ ಎರಡು ಕೈ. ಬಣ್ಣ ಬೆರೆಸಿ ಹಸಿಯಾಗಿಡುವ ತಟ್ಟೆಯಾಗಿ ಚಪ್ಪಟೆ ಟಿಫಿನ್ ಡಬ್ಬಿ ಸಾಕು: ಒಳಗೆ ಮಡಿಸಿದ ಟಿಶ್ಯೂ, ಅದು ನೆನೆಯುವಷ್ಟು ನೀರು, ಮೇಲೆ ಬೇಕರಿಯವರು ಬಳಸುವ ಪಾರ್ಚ್‌ಮೆಂಟ್ ಕಾಗದ. ಮೇಣ ಹಚ್ಚಿದ ಕಾಗದ ಕೆಳಗಿನ ನೀರನ್ನು ಮೇಲೆ ಬಿಡುವುದಿಲ್ಲ, ಅದನ್ನು ಹಾಕಿ ಪ್ರಯೋಜನವಿಲ್ಲ. ಬೇರೆ ಊರಿನವರು ಈ ಡಬ್ಬಿಯಲ್ಲಿ ವಾರಗಟ್ಟಲೆ ಬಣ್ಣ ಕಾಯ್ದಿಡುತ್ತಾರೆ. ಇಲ್ಲಿ ಮೂರನೇ ದಿನಕ್ಕೆ ಬೂಷ್ಟು ಹಿಡಿದು ನಾರುತ್ತದೆ. ಕಾಯಿಸಿ ಆರಿಸಿದ ನೀರು ಬಳಸಿ, ಎರಡು ದಿನಕ್ಕೊಮ್ಮೆ ಟಿಶ್ಯೂ ಬದಲಿಸಿ. ಕಣ್ಣು, ಗುಂಡಿ ಬಿಡಿಸಲೆಂದು 000 ನಂಬರಿನ ಅತಿ ಸಣ್ಣ ಕುಂಚ ಕೊಳ್ಳುವುದು ಹಣ ದಂಡ. ಅದರ ಹೊಟ್ಟೆಯಲ್ಲಿ ಬಣ್ಣ ನಿಲ್ಲದೆ ಗೊಂಬೆ ಮುಟ್ಟುವಷ್ಟರಲ್ಲಿ ತುದಿ ಒಣಗುತ್ತದೆ. ಮೊನೆ ಚೂಪಾಗಿರುವ 1 ನಂಬರಿನ ಒಂದೇ ಕುಂಚ ಕಣ್ಣಿಗೂ ಆಗುತ್ತದೆ, ನಿಲುವಂಗಿಗೂ ಆಗುತ್ತದೆ. ಬೆಳ್ಳಿ, ಚಿನ್ನದ ಬಣ್ಣಕ್ಕೆ ಮಾತ್ರ ಬೇರೆ ನೀರಿನ ಲೋಟ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಅದರ ಮಿಂಚಿನ ಚೂರು ಮುಖದ ಮೇಲೂ ಹೊಳೆಯುತ್ತದೆ.

ವಾಷ್ ಎಂಬ ತೆಳು ಕಪ್ಪುಕಂದು ದ್ರವ ಮಡಿಕೆಗಳಿಗೆ ಇಳಿದು ನೆರಳು ಕೊಡುವಂಥದ್ದು. ಅರ್ಧ ಗಂಟೆಯಲ್ಲಿ ಒಣಗಬೇಕಾದ ಅದು ಜುಲೈನಲ್ಲಿ ಎರಡು ತಾಸು ಹಸಿಯೇ ಇರುತ್ತದೆ. ಅಷ್ಟರಲ್ಲಿ ಜಾರಿ ಪಾದದ ಬಳಿ, ಗುರಾಣಿಯ ಕೆಳಅಂಚಿನಲ್ಲಿ ಕೊಳವಾಗಿ ನಿಂತು, ಒಣಗಿದಾಗ ಕಾಫಿ ಲೋಟ ಇಟ್ಟ ಜಾಗದಂತೆ ಉಂಗುರ ಬಿಡುತ್ತದೆ. ಹಚ್ಚಿ ಎದ್ದುಹೋಗದೆ ಹತ್ತು ನಿಮಿಷ ಕೂತು, ಒದ್ದೆ ಮಾಡಿ ಹಿಂಡಿದ ಕುಂಚದಿಂದ ಆ ಕೊಳಗಳನ್ನು ಹೀರಬೇಕು. ಕೊನೆಯ ವಾರ್ನಿಷ್ ಕೂಡ ಮಳೆಗಾಲದಲ್ಲಿ ಕುಂಚದಿಂದಲೇ. ಈಗಾಗಲೇ ಸ್ಪ್ರೇ ಹೊಡೆದು ಬಿಳುಪಾದ ಗೊಂಬೆಯನ್ನು ಎಸೆಯಬೇಡಿ: ಗ್ಲಾಸಿ (ಹೊಳಪಿನ) ವಾರ್ನಿಷ್ ಒಂದು ಕೈ ಕುಂಚದಲ್ಲಿ ಹಚ್ಚಿದರೆ ಬಹುಪಾಲು ಮಂಕು ಮಾಯವಾಗುತ್ತದೆ, ಅದು ಪೂರ್ತಿ ಒಣಗಿದ ಮೇಲೆ ಮ್ಯಾಟ್ ಎಳೆದುಕೊಳ್ಳಬಹುದು.

ಗೊಂಬೆಯ ಪೀಠಕ್ಕೆ ನಮ್ಮ ಕಾಡಿನ ಸಾಮಗ್ರಿ ಧಾರಾಳ, ಆದರೆ ಹಸಿಯಾಗಿ ಬಳಸಿದರೆ ಬೂಷ್ಟೂ ಹುಳವೂ ಉಚಿತ. ಜಂಬಿಟ್ಟಿಗೆ ಪುಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಹಳೆಯ ಬಾಣಲೆಯಲ್ಲಿ ಹುರಿದು, ಫೆವಿಕಾಲ್ ಮೇಲೆ ಉದುರಿಸಿ, ಒಣಗಿದ ಮೇಲೆ ಸಮ ನೀರು ಬೆರೆಸಿದ ಫೆವಿಕಾಲ್ ಹನಿಸಿದರೆ ಗಟ್ಟಿ ನಿಲ್ಲುತ್ತದೆ. ಮರದ ಹಾವಸೆ ಮಾತ್ರ ಬೇಡ, ವಾರದಲ್ಲಿ ಕಂದಾಗುತ್ತದೆ. ಹಸಿರು ಬಳಿದ ಗರಗಸದ ಪುಡಿ ಅದಕ್ಕಿಂತ ಹೆಚ್ಚು ಹಾವಸೆಯಂತೆ ಕಾಣುತ್ತದೆ.

ವಿನ್ಯಾಸಕ್ಕೆ ಬರಹದಲ್ಲಿ ಒಂದೇ ಸಾಲು ಸಿಕ್ಕಿತ್ತು. ಎಲ್ಲರೂ ಪರದೇಶದ ಡ್ರ್ಯಾಗನ್ ಮುದ್ರಿಸುತ್ತಿರುವಾಗ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಗಂಡಭೇರುಂಡವನ್ನು ಯಾರೂ ಕೈಗೆತ್ತಿಕೊಳ್ಳದಿರುವುದು ನಮಗೆ ಸೋಜಿಗ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ, ಆಟಕ್ಕೆ ಇದಕ್ಕಿಂತ ಬೇಕೇ? ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಪಟದಲ್ಲಿ ಒಂದು ಇಂಚಿನ ಚೌಕ ಐದು ಅಡಿಗೆ ಸಮ. ಮನುಷ್ಯನಿಗೆ 25 ಮಿ.ಮೀ. ಪೀಠ, ಗಂಡಭೇರುಂಡವನ್ನು ದೊಡ್ಡ ಜೀವಿ ಎಂದು ಲೆಕ್ಕ ಹಿಡಿದರೆ 50 ಮಿ.ಮೀ. ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲೇ ರೂಪಿಸಬಹುದು. ಕಲ್ಲಿನ ಆಭರಣಗಳನ್ನು ಇದ್ದಂತೆ ಇಳಿಸಿದರೆ 0.2 ಮಿ.ಮೀ. ಗೆರೆಗಳಾಗಿ ಪ್ರೈಮರ್ ಅಡಿಯಲ್ಲೇ ಮುಚ್ಚಿಹೋಗುತ್ತವೆ; ಎರಡು ಮೂರನ್ನೇ ಆರಿಸಿ ಅರ್ಧ ಮಿ.ಮೀ. ಆಳಕ್ಕೆ ಕೊರೆಯಬೇಕು. ಕೊಕ್ಕಿನ ತುದಿ, ಬೆರಳು ಒಂದು ಮಿ.ಮೀ.ಗಿಂತ ತೆಳುವಾದರೆ ಆಟದ ನಡುವೆ ಮುರಿಯುತ್ತವೆ. ಶಿಲ್ಪದಂತೆ ಎದುರು ಮುಖಮಾಡಿ ನಿಲ್ಲಿಸಿದರೆ ಪಕ್ಕದಿಂದ ನೋಡುವ ಆಟಗಾರನಿಗೆ ಹಲಗೆಯಂತೆ ಕಾಣುತ್ತದೆ, ಆದ್ದರಿಂದ ಸೊಂಟ ತುಸು ತಿರುಚಿ ಎರಡು ತಲೆಗಳನ್ನು ಬೇರೆ ಬೇರೆ ಎತ್ತರಕ್ಕೆ ತರಬೇಕು. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆಯಲ್ಲಿ ಸಣ್ಣ ಅಳತೆಯ ಜಾಣ್ಮೆ ಹೇಗಿರುತ್ತದೆಂದು ನೋಡಿ ಕಲಿಯಲು ನಮಗೆ ದೂರ ಹೋಗಬೇಕಿಲ್ಲ.

ಮುದ್ರಣದಲ್ಲೂ ಹವೆಯದೇ ಕಾರುಬಾರು. ಪಿಎಲ್ಎ ದಾರ ತೇವ ಕುಡಿದರೆ ನಳಿಕೆಯಲ್ಲಿ ಚಟಚಟ ಸದ್ದು, ಗೊಂಬೆಯ ಮೈತುಂಬ ಜೇಡರಬಲೆ. 45ರಿಂದ 50 ಡಿಗ್ರಿಯಲ್ಲಿ ಆರೆಂಟು ತಾಸು ಒಣಗಿಸಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ರೆಸಿನ್‌ಗೆ (ಬೆಳಕು ಬಿದ್ದರೆ ಗಟ್ಟಿಯಾಗುವ, ಮುದ್ರಣಕ್ಕೆ ಬಳಸುವ ದ್ರವ) ಡಿಸೆಂಬರ್ ರಾತ್ರಿಯ ಚಳಿ ಶತ್ರು: 20 ಡಿಗ್ರಿ ಕೆಳಗೆ ಅದು ಮಂದವಾಗಿ ಪದರ ಕಚ್ಚುವುದಿಲ್ಲ. ಟೊಳ್ಳಾಗಿ ಮುದ್ರಿಸಿದವರು ತಳದಲ್ಲಿ ಎರಡು ತೂತು ಬಿಟ್ಟು ಒಳಗನ್ನೂ ತೊಳೆದು ಬೆಳಕು ತೋರಿಸದಿದ್ದರೆ, ಉಳಿದ ಹಸಿ ರೆಸಿನ್ ತಿಂಗಳ ಮೇಲೆ ಮೈ ಬಿರಿದು ಸೋರುತ್ತದೆ, ಬಣ್ಣವೂ ಹೋಯಿತು, ಗೊಂಬೆಯೂ ಹೋಯಿತು.

ಪುರವಣಿ ಪೂರ್ತಿ ಬಿಟ್ಟ ವಿಷಯವೊಂದಿದೆ, ಅದನ್ನು ದಯವಿಟ್ಟು ಅಚ್ಚು ಹಾಕಿ. ಹಸಿ ರೆಸಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ, ನೈಟ್ರೈಲ್ ಕೈಗವಸು ಇಲ್ಲದೆ ಮುಟ್ಟಬಾರದು. ಅದನ್ನು ತೊಳೆದ ಐಸೊಪ್ರೊಪೈಲ್ ಆಲ್ಕೋಹಾಲನ್ನಾಗಲಿ, ‘ನೀರಲ್ಲೇ ತೊಳೆಯಬಹುದು’ ಎಂದು ಮಾರುವ ರೆಸಿನ್ನಿನ ನೀರನ್ನಾಗಲಿ ಬಚ್ಚಲಿಗೆ ಸುರಿಯಬಾರದು. ಚರಂಡಿ ಹರಿದು ಸೇರುವುದು ತುಂಗೆಗೋ ಮನೆ ಹಿಂದಿನ ಹಳ್ಳಕ್ಕೋ. ಗಾಜಿನ ಜಾಡಿಗೆ ತುಂಬಿ, ಮುಚ್ಚಳ ಸಡಿಲವಾಗಿ ಮುಚ್ಚಿ, ಬೆಂಕಿಯಿಂದ ದೂರ ಬಿಸಿಲಿಗಿಟ್ಟರೆ ಕರಗಿದ ರೆಸಿನ್ ಗಟ್ಟಿಯಾಗಿ ತಳ ಸೇರುತ್ತದೆ. ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿದ ಆಲ್ಕೋಹಾಲ್ ಮತ್ತೆ ತೊಳೆಯಲು ಬರುತ್ತದೆ. ಉಳಿದ ಗಸಿಯನ್ನು ಕಾಗದದ ಸಮೇತ ಇನ್ನೆರಡು ದಿನ ಬಿಸಿಲಲ್ಲಿ ಒಣಗಿಸಿ, ಮುಟ್ಟಿದರೆ ಅಂಟದಷ್ಟು ಗಟ್ಟಿಯಾದ ಮೇಲೆ ಒಣ ಕಸಕ್ಕೆ ಹಾಕಬಹುದು. ಬಿಸಿಲಿಲ್ಲದ ತಿಂಗಳುಗಳಲ್ಲಿ ಜಾಡಿಯನ್ನು ಬಿಗಿಯಾಗಿ ಮುಚ್ಚಿಟ್ಟು ಅಕ್ಟೋಬರ್ ಬರುವವರೆಗೆ ಕಾಯಬೇಕು.

— ಮಿನಿಯೇಚರ್ ಹವ್ಯಾಸಿಗಳು, ಶಿವಮೊಗ್ಗ