ಪುಟ್ಟನಿಗೆ ರಿಯಾದ್‌ನಿಂದ ಒಂದು ಕಾಗದ

ರಿಯಾದ್
21 ನವೆಂಬರ್ 2025

ಪ್ರೀತಿಯ ಅಕ್ಕನಿಗೆ, ಭಾವನಿಗೆ, ಅಮ್ಮನಿಗೆ ನಮಸ್ಕಾರ. ಪುಟ್ಟನಿಗೆ ಮುದ್ದು.

ನಾನು ಚೆನ್ನಾಗಿದ್ದೇನೆ. ಇಲ್ಲಿ ಸೆಕೆ ಹೋಗಿ ಹಿತವಾದ ಚಳಿ ಶುರುವಾಗಿದೆ. ಅಮ್ಮ ಕೊಟ್ಟ ಮಿಡಿ ಉಪ್ಪಿನಕಾಯಿ ಇನ್ನೂ ಕಾಲು ಭರಣಿ ಉಂಟು. ಅಂಗಳಕ್ಕೆ ಅಡಿಕೆ ಬಂತಾ? ಅಮ್ಮ ಬಗ್ಗಿ ಬಗ್ಗಿ ಹೆಕ್ಕುವುದು ಬೇಡ. ಸೊಂಟದ ಬೆಲ್ಟ್ ಹಾಕಿಕೊಳ್ಳದಿದ್ದರೆ ನೀನೇ ಗದರು ಅಕ್ಕ.

ನೀನು ಫೋನಿನಲ್ಲಿ ಹೇಳಿದ್ದು ತಲೆಯಿಂದ ಹೋಗುತ್ತಲೇ ಇಲ್ಲ. ತಾಲೂಕು ಮಟ್ಟದ ಫುಟ್‌ಬಾಲ್ ಪಂದ್ಯದಲ್ಲಿ ಪುಟ್ಟನ ಕಾಲಿನಿಂದ ಸೆಲ್ಫ್ ಗೋಲ್ ಆಯಿತು, ಅವತ್ತಿನಿಂದ ಗ್ರೌಂಡಿಗೆ ಹೋಗಿಲ್ಲ, ಬೂಟನ್ನು ಅಟ್ಟಕ್ಕೆ ಎಸೆದಿದ್ದಾನೆ ಅಂದೆಯಲ್ಲ. ನಾನು ಫೋನಿನಲ್ಲಿ ಕರೆದರೂ ಅವನು ಬರಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬೇಕಾದಾಗ ಒಬ್ಬನೇ ಕೂತು ಓದಬಹುದು. ಮುಂದಿನದ್ದೆಲ್ಲ ಅವನಿಗೆ.

ಪುಟ್ಟಾ, ನಿನ್ನನ್ನು ಫಾರ್ವರ್ಡ್‌ನಿಂದ ತೆಗೆದು ಹಿಂದೆ ನಿಂತು ಗೋಲು ತಡೆಯುವ ಸ್ಟಾಪರ್ ಮಾಡಿದಾಗಲೇ ನಿನಗೆ ಬೇಜಾರಾಗಿತ್ತು ಅಂತ ನನಗೆ ಗೊತ್ತು. ನಿನಗೆ ಕಾಲಿದೂ ಕೂಲಿಬಾಲಿಯ ವಿಷಯ ಹೇಳಬೇಕು. ಇಲ್ಲಿಯ ಅಲ್ ಹಿಲಾಲ್ ಕ್ಲಬ್‌ನ ಡಿಫೆಂಡರ್. ಹೋದ ಸೀಸನ್‌ನಲ್ಲಿ ಅವನ ಒಂದು ಪಂದ್ಯ ನೋಡಿ ಬಂದೆ. ಈ ದೇಶದಲ್ಲಿ ಹೆಂಗಸರನ್ನು ಫುಟ್‌ಬಾಲ್ ನೋಡಲು ಸ್ಟೇಡಿಯಂ ಒಳಗೆ ಬಿಡಲು ಶುರು ಮಾಡಿದ್ದೇ 2018ರ ಜನವರಿಯಲ್ಲಿ. ನಾನು ಬಂದ ಹೊಸತರಲ್ಲಿ ಅದು ಕನಸಿನ ಮಾತು. ಈಗ ನಮ್ಮ ವಾರ್ಡಿನ ನಾಲ್ಕು ಜನ ನರ್ಸ್‌ಗಳು ಟಿಕೆಟ್ ಮಾಡಿಸಿ ಹೋದೆವು. ಕಿಂಗ್‌ಡಮ್ ಅರೀನಾ ಅಂತ. ಇಡೀ ಮೈದಾನಕ್ಕೆ ಮೇಲೆ ಸೂರು, ಒಳಗೆಲ್ಲ ಎ.ಸಿ.

ಎಲ್ಲರೂ ಚೆಂಡು ನೋಡುತ್ತಿದ್ದರು. ನಾನು ನಿನ್ನನ್ನು ನೆನೆಸಿಕೊಂಡು 3ನೇ ನಂಬರಿನವನನ್ನೇ ನೋಡುತ್ತಿದ್ದೆ. ಚೆಂಡು ಆ ತುದಿಯಲ್ಲಿದ್ದಾಗಲೂ ಅವನಿಗೆ ಪುರುಸೊತ್ತಿಲ್ಲ. ಕೈ ಎತ್ತಿ ಪಕ್ಕದವನನ್ನು ಎರಡು ಹೆಜ್ಜೆ ಹಿಂದೆ ಕರೆಯುತ್ತಾನೆ. ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆ ನೋಡುತ್ತಾನೆ, ಮತ್ತೆ ನೋಡುತ್ತಾನೆ. ಎದುರಾಳಿ ಫಾರ್ವರ್ಡ್ ಹತ್ತಿರ ಬಂದರೆ ಅವನ ಬೆನ್ನ ಮೇಲೆ ಅಂಗೈ ಇಡುತ್ತಾನೆ. ತಳ್ಳುವುದಿಲ್ಲ, ಸುಮ್ನೆ ಇಟ್ಟಿರುತ್ತಾನೆ. ಆ ಹುಡುಗ ಎತ್ತ ಹೊರಳುತ್ತಾನೆ ಅಂತ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ನಾವು ನಾಡಿ ಹಿಡಿದು ನೋಡುತ್ತೇವಲ್ಲ, ಹಾಗೆ. ಆ ಫಾರ್ವರ್ಡ್ ಅರ್ಧ ಗಂಟೆ ಚೆಂಡನ್ನು ಸರಿಯಾಗಿ ಮುಟ್ಟಲೇ ಇಲ್ಲ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೆ ಎದ್ದು ನಿಂತು ತಟ್ಟಬೇಕು ಅನಿಸಿತು.

ಅವನು ಹುಟ್ಟಿದ್ದು 1991ರಲ್ಲಿ, ಫ್ರಾನ್ಸಿನ ಸಾಂ ದಿಯೆ ಎಂಬ ಚಿಕ್ಕ ಊರಲ್ಲಿ. ಅಪ್ಪ ಅಮ್ಮ ಸೆನೆಗಲ್‌ನಿಂದ ಬಂದವರು. ಹುಡುಗನಾಗಿದ್ದಾಗ ಮೆಟ್ಜ್ ಎಂಬ ಕ್ಲಬ್‌ಗೆ ಸೇರಿದ್ದ. ಅಲ್ಲಿ ನಿಲ್ಲಲು ಆಗಲಿಲ್ಲ. ಊರಿಗೆ ವಾಪಸ್ ಬಂದು, ಊರ ಕ್ಲಬ್‌ನಲ್ಲೇ ಮೂರು ವರ್ಷ ಆಡಿದ. ಸರಿಯಾಗಿ ನಿನ್ನ ವಯಸ್ಸಿನಿಂದ. 2009ರಲ್ಲಿ ಅದೇ ಮೆಟ್ಜ್ ಮತ್ತೆ ಕರೆಸಿಕೊಂಡಿತು. ಆ ಮೂರು ವರ್ಷ ಅವನು ಗ್ರೌಂಡಿಗೆ ಹೋಗುವುದನ್ನು ಬಿಟ್ಟಿದ್ದರೆ ನಾನು ಈ ಕಾಗದ ಬರೆಯಲು ಏನೂ ಇರುತ್ತಿರಲಿಲ್ಲ.

2012ರಲ್ಲಿ ಬೆಲ್ಜಿಯಂನ ಗೆಂಕ್. ಅಲ್ಲಿದ್ದಾಗ ಒಂದು ದಿನ ಫೋನ್ ಬಂತು. ಇಟಲಿಯ ನೇಪಲ್ಸ್ ನಗರದ ನಾಪೊಲಿ ಕ್ಲಬ್‌ನ ಕೋಚ್ ರಫಾ ಬೆನಿಟೆಜ್. ಇವನು ಗೆಳೆಯ ಯಾರೋ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಫೋನ್ ಇಟ್ಟುಬಿಟ್ಟನಂತೆ! ಆಮೇಲೆ ನಿಜ ಅಂತ ಗೊತ್ತಾಯಿತು. 2014ರಲ್ಲಿ ನೇಪಲ್ಸ್‌ಗೆ ಹೋದವನು ಎಂಟು ವರ್ಷ ಅಲ್ಲೇ ಇದ್ದ.

ಈಗ ನಿನಗೆ ಬೇಕಾದ ವಿಷಯಕ್ಕೆ ಬರುತ್ತೇನೆ. ನಿಧಾನವಾಗಿ ಓದು.

2018ರ ಏಪ್ರಿಲ್ 22. ಟ್ಯೂರಿನ್ ನಗರ, ಯುವೆಂಟಸ್‌ನ ಮೈದಾನ. ಲೀಗ್‌ನಲ್ಲಿ ಯುವೆಂಟಸ್ ನಾಲ್ಕು ಪಾಯಿಂಟ್ ಮುಂದೆ. ನಾಪೊಲಿ ಗೆದ್ದರೆ ಮಾತ್ರ ಆಸೆ ಉಳಿಯುತ್ತದೆ. 90ನೇ ನಿಮಿಷದವರೆಗೆ ಗೋಲಿಲ್ಲ. ಆಗ ಒಂದು ಕಾರ್ನರ್. ಕೂಲಿಬಾಲಿ ಎಲ್ಲರಿಗಿಂತ ಎತ್ತರಕ್ಕೆ ಹಾರಿ ಹೆಡ್ ಮಾಡಿದ. ಗೋಲ್! ನೇಪಲ್ಸ್ ಇಡೀ ಬೀದಿಗೆ ಬಂತು. ಒಂದೇ ವಾರ. ಮುಂದಿನ ಪಂದ್ಯ ಫ್ಲಾರೆನ್ಸ್‌ನಲ್ಲಿ, ಆಟ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ಇವನಿಗೇ ರೆಡ್ ಕಾರ್ಡ್. ನಾಪೊಲಿ 3-0ರಿಂದ ಸೋತಿತು. 91 ಪಾಯಿಂಟ್ ಗಳಿಸಿಯೂ ಆ ವರ್ಷ ಎರಡನೇ ಸ್ಥಾನವೇ ಗತಿಯಾಯಿತು.

ಇನ್ನೂ ಉಂಟು. 2019ರ ಆಗಸ್ಟ್ 31. ಅದೇ ಟ್ಯೂರಿನ್, ಅದೇ ಮೈದಾನ. ಯುವೆಂಟಸ್ ಮೂರು ಗೋಲು ಮುಂದಿತ್ತು. ನಾಪೊಲಿ ಒಂದೊಂದೇ ಗೋಲು ಹೊಡೆದು 3-3 ಮಾಡಿತು. ಪಂದ್ಯ ಮುಗಿಯುವ ಹೊತ್ತು. ಫ್ರೀ ಕಿಕ್‌ನಿಂದ ಬಂದ ಚೆಂಡನ್ನು ಹೊರಗೆ ಹೊಡೆಯಲು ಕೂಲಿಬಾಲಿ ಕಾಲು ಬೀಸಿದ. ಚೆಂಡು ಕಾಲಿಗೆ ಸರಿಯಾಗಿ ತಾಗಲಿಲ್ಲ. ನೇರ ತನ್ನದೇ ಗೋಲಿಗೆ. 4-3.

ಮಗಾ, ಅದು ನಿನ್ನ ಗೋಲೇ. ಅಕ್ಕ ಹೇಳಿದಂತೆ ನಿನ್ನದೂ ಹಾಗೇ ಆದದ್ದು ಅಲ್ವಾ? ಹೊರಗೆ ಹೊಡೆಯಲು ಹೋದೆ, ಒಳಗೆ ಹೋಯಿತು. ಅವನದ್ದನ್ನು ಜಗತ್ತೇ ನೋಡಿತು. 17 ದಿನ ಬಿಟ್ಟು ನಾಪೊಲಿಗೆ ಲಿವರ್‌ಪೂಲ್ ಬಂತು. ಆಗಿನ ಯುರೋಪಿನ ಚಾಂಪಿಯನ್ ಅದು. ಹಿಂದೆ ನಿಂತದ್ದು ಇದೇ ಕೂಲಿಬಾಲಿ. ನಾಪೊಲಿ 2-0ರಿಂದ ಗೆದ್ದಿತು. ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಆ 17 ದಿನ ಅವನಿಗೆ ರಾತ್ರಿ ನಿದ್ದೆ ಹೇಗೆ ಬಂತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹಿಂದೆ ನಿಲ್ಲುವವನ ತಪ್ಪು ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ಫಾರ್ವರ್ಡ್ ಐದು ಸಲ ಹೊರಗೆ ಹೊಡೆದು ಒಂದು ಗೋಲು ಹಾಕಿದರೆ ಹೆಗಲ ಮೇಲೆ ಹೊರುತ್ತಾರೆ. ನೀನು ಐವತ್ತು ಸಲ ಚೆಂಡು ತಡೆದಿರುತ್ತೀಯ, ಯಾರೂ ಲೆಕ್ಕ ಇಟ್ಟಿರುವುದಿಲ್ಲ. ನನ್ನ ಐ.ಸಿ.ಯು. ನೈಟ್ ಡ್ಯೂಟಿಯೂ ಹೀಗೆಯೇ. ರೋಗಿ ಬೆಳಗ್ಗೆ ಸುಖವಾಗಿ ಕಣ್ಣು ಬಿಟ್ಟರೆ ರಾತ್ರಿ ಏನೂ ಆಗಲಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಏನೂ ಆಗದಂತೆ ಎಚ್ಚರ ಇದ್ದವರಿಗೆ ಗೊತ್ತು.

ನಿನ್ನನ್ನು ಕ್ಲಾಸಿನಲ್ಲಿ ಹೆಸರಿಟ್ಟು ಕರೆಯುತ್ತಿದ್ದಾರಂತೆ. ಕೂಲಿಬಾಲಿ ಅದಕ್ಕಿಂತ ಕೆಟ್ಟದ್ದನ್ನು ಕೇಳಿದ್ದಾನೆ. 2018ರ ಡಿಸೆಂಬರ್ 26ರಂದು ಮಿಲಾನ್‌ನಲ್ಲಿ ಇಂಟರ್ ವಿರುದ್ಧ ಆಡುವಾಗ, ಅವನ ಮೈಬಣ್ಣ ನೋಡಿ ಜನ ಮಂಗನ ಹಾಗೆ ಕೂಗಿದರು. ನಾಪೊಲಿಯವರು ಪಂದ್ಯ ನಿಲ್ಲಿಸಿ ಅಂತ ಕೇಳಿದರೂ ನಿಲ್ಲಿಸಲಿಲ್ಲ. ಕೊನೆಗೆ ಸಹನೆ ಕೆಟ್ಟು ರೆಫರಿಗೆ ವ್ಯಂಗ್ಯವಾಗಿ ಚಪ್ಪಾಳೆ ತಟ್ಟಿದ, ಅದಕ್ಕೆ ಅವನನ್ನೇ ಹೊರಗೆ ಕಳಿಸಿದರು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಆ ರಾತ್ರಿ ಅವನು ತನ್ನ ಚರ್ಮದ ಬಣ್ಣದ ಬಗ್ಗೆ ಹೆಮ್ಮೆ ಇದೆ, ಫ್ರೆಂಚ್, ಸೆನೆಗಲ್‌ನವ, ನೇಪಲ್ಸ್‌ನವ, ಮನುಷ್ಯ ಆಗಿರುವುದಕ್ಕೆ ಹೆಮ್ಮೆ ಇದೆ ಎಂದು ಬರೆದ. ಹಿಂದೊಮ್ಮೆ ರೋಮ್‌ನಲ್ಲೂ ಹೀಗೇ ಆದಾಗ, ನೇಪಲ್ಸ್ ಜನ ಅವನದೇ ಮುಖದ ಮುಖವಾಡ ಹಾಕಿಕೊಂಡು ಸ್ಟೇಡಿಯಂ ತುಂಬಾ ಕೂತಿದ್ದರು. ಹೊರದೇಶದಲ್ಲಿ ದುಡಿಯುವವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ನನಗೆ ಗೊತ್ತು.

2022ರಲ್ಲಿ ಇಂಗ್ಲೆಂಡಿನ ಚೆಲ್ಸಿಗೆ ಹೋದ. ಒಂದೇ ವರ್ಷ. ಕೋಚ್‌ಗಳು ಬದಲಾಗುತ್ತಲೇ ಹೋದರು, ಟೀಮ್ 12ನೇ ಸ್ಥಾನಕ್ಕೆ ಇಳಿಯಿತು. ಅದೇ ವರ್ಷ ನಾಪೊಲಿ 33 ವರ್ಷಗಳ ನಂತರ ಇಟಲಿ ಲೀಗ್ ಗೆದ್ದಿತು. ಎಂಟು ವರ್ಷ ದುಡಿದವನು ಅಲ್ಲಿರಲಿಲ್ಲ. ನಾನು ಇಲ್ಲಿದ್ದಾಗ ನಡೆದುಹೋದ ಅಕ್ಕನ ಮನೆ ಒಕ್ಕಲು ನೆನಪಾಯಿತು.

ಆದರೆ ಅಂಥ ಸಂತೋಷವನ್ನು ಸೆನೆಗಲ್ ಅವನಿಗೆ ಕೊಟ್ಟಿತು. ಫ್ರಾನ್ಸಿನ ಕಿರಿಯರ ತಂಡಕ್ಕೆ ಆಡಿದ್ದವನು 2015ರಲ್ಲಿ ಅಪ್ಪ ಅಮ್ಮನ ದೇಶವನ್ನು ಆರಿಸಿಕೊಂಡ. 2022ರ ಫೆಬ್ರವರಿಯಲ್ಲಿ ಸೆನೆಗಲ್ ಮೊದಲ ಸಲ ಆಫ್ರಿಕಾ ಕಪ್ ಗೆದ್ದಾಗ ಕಪ್ ಎತ್ತಿದ ಕ್ಯಾಪ್ಟನ್ ಇವನೇ. ಅದೇ ವರ್ಷ ಕತಾರ್ ವಿಶ್ವಕಪ್‌ನಲ್ಲಿ, ನವೆಂಬರ್ 29ರಂದು, ಈಕ್ವೆಡಾರ್ ವಿರುದ್ಧ ಗೆಲುವಿನ ಗೋಲು ಹೊಡೆದ. ದೇಶಕ್ಕಾಗಿ ಹೊಡೆದ ಮೊದಲ ಗೋಲು ಅದು. ತೋಳಿನ ಕ್ಯಾಪ್ಟನ್ ಪಟ್ಟಿಯ ಮೇಲೆ 19 ಅಂತ ಬರೆದುಕೊಂಡಿದ್ದ. ಸೆನೆಗಲ್‌ನ ಹಳೆಯ ಆಟಗಾರ ಪಾಪಾ ಬೂಬಾ ದಿಯೋಪ್ ಅವರ ನಂಬರ್. ಎರಡು ವರ್ಷದ ಹಿಂದೆ ಅದೇ ದಿನ ಅವರು ತೀರಿಕೊಂಡಿದ್ದರು.

2023ರಲ್ಲಿ ರಿಯಾದ್‌ಗೆ ಬಂದ. ಮೊದಲ ಸೀಸನ್‌ನಲ್ಲೇ ಅಲ್ ಹಿಲಾಲ್ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದಿತು. ಈ ಜುಲೈ 1ರಂದು ಬೆಳಗಿನ ಜಾವ 4 ಗಂಟೆಗೆ ಎದ್ದು, ಹಾಸ್ಟೆಲಿನ ಅಡುಗೆಮನೆಯಲ್ಲಿ ಮೂವರು ಒಂದೇ ಫೋನಿಗೆ ತಲೆ ತಾಗಿಸಿ ಕೂತು, ಅಮೆರಿಕದಲ್ಲಿ ನಡೆದ ಕ್ಲಬ್ ವಿಶ್ವಕಪ್ ಪಂದ್ಯ ನೋಡಿದೆವು. ಎದುರಿಗೆ ಮ್ಯಾಂಚೆಸ್ಟರ್ ಸಿಟಿ. 2-2 ಆಗಿ ಹೆಚ್ಚುವರಿ ಸಮಯ. ಮತ್ತೆ ಒಂದು ಕಾರ್ನರ್, ಮತ್ತೆ ಅದೇ ಹೆಡ್. 34 ವರ್ಷದವನು! ಒಲೆ ಮೇಲಿಟ್ಟ ಹಾಲು ಉಕ್ಕಿ ಚೆಲ್ಲಿದರೂ ಯಾರೂ ಏಳಲಿಲ್ಲ. ಕೊನೆಗೆ 4-3. ಟ್ಯೂರಿನ್‌ನಲ್ಲಿ ಸೆಲ್ಫ್ ಗೋಲ್ ಆದ ದಿನದ್ದೇ ಅಂಕಿ, ಈ ಸಲ ಗೆದ್ದದ್ದು ಅವನ ಟೀಮು.

ನನ್ನ ಜೊತೆ ಕೆಲಸ ಮಾಡುವ ಬಂಟ್ವಾಳದವರು ಡಿಸೆಂಬರ್ ಮೂರನೇ ವಾರ ಊರಿಗೆ ಬರುತ್ತಾರೆ. ಒಂದು ಹಾಳೆಯ ಮೇಲೆ ಕಾಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಫೋಟೋ ಕಳಿಸು. ಎರಡೂ ಕಾಲು. ಬೂಟು ಕೊಟ್ಟು ಕಳಿಸುತ್ತೇನೆ. ಅಲ್ಲಿಯವರೆಗೆ ಅಟ್ಟದಲ್ಲಿರುವುದನ್ನೇ ಇಳಿಸು. ಒಳಗೆ ಒದ್ದೆ ಇದ್ದರೆ ಹಳೆ ಪೇಪರ್ ತುರುಕಿ ಒಂದು ರಾತ್ರಿ ಬಿಡು. ಬಿಸಿಲಿಗೆ ಇಡಬೇಡ, ಅಂಟು ಬಿಡುತ್ತದೆ.

ನಿನ್ನ,
ಚಿಕ್ಕಮ್ಮ