ಮಗಳ ಪಿಟೀಲಿಗೆ ಆರ್ಕೆಸ್ಟ್ರಾದಲ್ಲೊಂದು ಕುರ್ಚಿ: ಇಂಗ್ಲೆಂಡಿನ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಮಗಳು ಪಿಟೀಲಿನ ಗ್ರೇಡ್ 7 ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್ ತಗೊಂಡಿದ್ದಾಳೆ, ಈ ಸಲ ದೊಡ್ಡ ಯೂತ್ ಆರ್ಕೆಸ್ಟ್ರಾಗೇ (ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ಎಳೆಯರ ವಾದ್ಯತಂಡಕ್ಕೇ) ಅರ್ಜಿ ಹಾಕಿಬಿಡೋಣವೇ ಅಂತ ಕೇಳಿದ್ದೀಯ. ಹಾಕು. ಆದರೆ ಯಾವುದಕ್ಕೆ, ಯಾವಾಗ, ಎಷ್ಟು ತಯಾರಿಯೊಂದಿಗೆ ಅನ್ನುವುದನ್ನು ಮೊದಲು ಕೂತು ನೋಡಬೇಕು. ನಮ್ಮ ಮಕ್ಕಳ ಕೈಯಲ್ಲಿ ಕಸುಬು ಇರುತ್ತದೆ. ನಾಲ್ಕಾರು ಜನರ ನಡುವೆ ಕೂತು ನುಡಿಸಿದ ಅಭ್ಯಾಸ ಇರುವುದಿಲ್ಲ, ಆಡಿಷನ್‌ನಲ್ಲಿ ಎಡವುವುದು ಅಲ್ಲೇ. ಆ ಅಭ್ಯಾಸ ಎಲ್ಲಿ ಸಿಗುತ್ತದೆ, ಅರ್ಜಿ ಯಾವ ತಿಂಗಳು ಅನ್ನುವುದು ಅಪ್ಪ ಅಮ್ಮ ಚೆಲ್ಲೋ ನುಡಿಸುವ ಮನೆಗಳಲ್ಲಿ ಊಟದ ಮೇಜಿನ ಮೇಲೇ ಗೊತ್ತಾಗಿಬಿಡುತ್ತದೆ. ನಿನ್ನಂಥವರಿಗೆ ಯಾರಾದರೂ ಬರೆದು ತಿಳಿಸಬೇಕು, ಅದಕ್ಕೇ ಈ ಉದ್ದದ ಪತ್ರ. ನಿನ್ನ ಹಾಗೇ ಕೇಳುವ ಇನ್ನೂ ಕೆಲವರಿದ್ದಾರೆ, ಆದ್ದರಿಂದ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ನೀನು ಹೆಸರು ಹೇಳಿದ ನ್ಯಾಷನಲ್ ಯೂತ್ ಆರ್ಕೆಸ್ಟ್ರಾ ಆಫ್ ಗ್ರೇಟ್ ಬ್ರಿಟನ್ 1948ರಿಂದ ಇದೆ. ಸುಮಾರು 160 ಹದಿಹರೆಯದವರ ತಂಡ, ಬೇಸಿಗೆಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸುತ್ತದೆ. ಅಲ್ಲಿಗೆ ಗ್ರೇಡ್ 8ರ ಡಿಸ್ಟಿಂಕ್ಷನ್ ಮಟ್ಟ ಬೇಕು. ಪ್ರಮಾಣಪತ್ರವೇ ಇರಬೇಕೆಂದಲ್ಲ, ಆ ಮಟ್ಟದ ಕೈ ಇರಬೇಕು. ಅದೇ ಸಂಸ್ಥೆ (ಚಿಕ್ಕದಾಗಿ ಎನ್‌ವೈಒ) ಎನ್‌ವೈಒ ಇನ್‌ಸ್ಪೈರ್ ಅಂತ ಇನ್ನೊಂದು ನಡೆಸುತ್ತದೆ. ಸರ್ಕಾರಿ ಶಾಲೆಯಲ್ಲಿ ಓದುವವರು, ಕಪ್ಪು ಮತ್ತು ಏಷ್ಯನ್ ಮನೆತನದವರು, ಆರ್ಕೆಸ್ಟ್ರಾದಲ್ಲಿ ಕಡಿಮೆ ಕಾಣಿಸುವ ಮಕ್ಕಳೇ ಅದರ ಗುರಿ, ಮತ್ತು ಮೊದಲಿನದಕ್ಕಿಂತ ಒಂದು ಮೆಟ್ಟಿಲು ಕೆಳಗಿನಿಂದಲೇ ಸೇರಿಸಿಕೊಳ್ಳುತ್ತದೆ. ನಿನ್ನ ಮಗಳಿಗೆ ಈ ವರ್ಷ ಸರಿಹೊಂದುವುದು ಅದು.

ಮತ್ತೊಂದು ಚಿನೆಕೆ! ಜೂನಿಯರ್ ಆರ್ಕೆಸ್ಟ್ರಾ. ಡಬಲ್ ಬೇಸ್ ವಾದಕಿ ಚೀ-ಚೀ ನ್ವಾನೋಕು 2015ರಲ್ಲಿ ಕಟ್ಟಿದ ಚಿನೆಕೆ! ಸಂಸ್ಥೆಯದು, 11ರಿಂದ 22 ವರ್ಷದವರಿಗೆ. ಹಿರಿಯರ ತಂಡದ ವೃತ್ತಿಪರರೇ ಕಿರಿಯರಿಗೆ ಮಾರ್ಗದರ್ಶಕರು. ಹೆಸರು ಕೇಳಿ ಇದು ಆಫ್ರಿಕಾ ಮೂಲದವರಿಗೆ ಮಾತ್ರ ಅಂತ ನಮ್ಮವರು ಬಹಳ ಜನ ಅರ್ಜಿಯನ್ನೇ ಹಾಕುವುದಿಲ್ಲ. ತಪ್ಪು. ದಕ್ಷಿಣ ಏಷ್ಯಾದ ಮಕ್ಕಳಿಗೂ ಅದು ತೆರೆದಿದೆ. ‘ಇದೇನು ಮೀಸಲಾತಿಯೇ’ ಅಂತ ನೀನು ಕೇಳಿದ್ದೆಯಲ್ಲ, ಅಲ್ಲ ಮಾರಾಯ. ಸೀಟು ಆಡಿಷನ್ ಮೇಲೇ ಸಿಗುವುದು. ಆಡಿಷನ್ ಕೋಣೆಗೆ ಯಾರು ಬಂದು ನಿಲ್ಲುತ್ತಾರೆ ಅನ್ನುವುದನ್ನು ಬದಲಿಸುವುದು ಇಂಥ ತಂಡಗಳ ಕೆಲಸ. ನಮ್ಮವರ ಮಟ್ಟಿಗೆ ಇದು ಸ್ವಲ್ಪ ತಮಾಷೆಯ ವಿಷಯವೂ ಹೌದು. ಜಯಚಾಮರಾಜ ಒಡೆಯರ್ 1948ರಲ್ಲೇ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್ ಕೊನೆಗೆ ಬರೆದ ನಾಲ್ಕು ಹಾಡುಗಳು 1950ರ ಮೇ 22ರಂದು ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಸಿದ್ದು ಮೈಸೂರಿನ ದುಡ್ಡಿನಲ್ಲಿ. ದುಡ್ಡು ಅಷ್ಟು ಹಿಂದೆಯೇ ಹೋಗಿತ್ತು, ಮಕ್ಕಳು ಈಗ ಹೋಗುತ್ತಿದ್ದಾರೆ.

ಈಗ ಆ ಡಿಸ್ಟಿಂಕ್ಷನ್ ವಿಚಾರ. ಈ ಗ್ರೇಡ್‌ಗಳನ್ನು ಕೊಡುವ ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂ, ಅದರ ಪರೀಕ್ಷೆ 150 ಅಂಕಕ್ಕೆ. 100ಕ್ಕೆ ಪಾಸ್, 120ಕ್ಕೆ ಮೆರಿಟ್, 130ಕ್ಕೆ ಡಿಸ್ಟಿಂಕ್ಷನ್. ಪ್ರಾಕ್ಟಿಕಲ್ ಗ್ರೇಡ್‌ನಲ್ಲಿ ಮೂರು ಪೀಸ್‌ಗೆ ತಲಾ 30, ಸ್ಕೇಲ್‌ಗೆ 21, ಸೈಟ್ ರೀಡಿಂಗ್‌ಗೆ (ಹಿಂದೆಂದೂ ಕಾಣದ ಸ್ವರಲಿಪಿಯನ್ನು ನೋಡಿದೊಡನೆ ನುಡಿಸುವುದಕ್ಕೆ) 21, ಕಿವಿಯ ಪರೀಕ್ಷೆಗೆ 18. ಅಂದರೆ ಸೈಟ್ ರೀಡಿಂಗ್‌ನಲ್ಲಿ ಬರೀ 11 ಬಂದು ಉಳಿದದ್ದು ಚೆನ್ನಾಗಿದ್ದರೆ ಡಿಸ್ಟಿಂಕ್ಷನ್ ಸಲೀಸಾಗಿ ಬಂದುಬಿಡುತ್ತದೆ. ನಿನ್ನ ಮಗಳು ಬರೆದದ್ದಂತೂ ಪರ್ಫಾರ್ಮೆನ್ಸ್ ಗ್ರೇಡ್. ಅದರಲ್ಲಿ ನಾಲ್ಕು ಪೀಸ್ ನುಡಿಸಿದರೆ ಮುಗಿಯಿತು, ಸೈಟ್ ರೀಡಿಂಗ್ ಇಲ್ಲವೇ ಇಲ್ಲ. ಆರ್ಕೆಸ್ಟ್ರಾದಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದೇ ಅದು. ಗ್ರೇಡ್ 8ಕ್ಕೆ ಪ್ರಾಕ್ಟಿಕಲ್ಲೇ ತೆಗೆದುಕೊಳ್ಳಲಿ ಅನ್ನುವುದು ನನ್ನ ಗಟ್ಟಿ ಸಲಹೆ.

ಕರ್ನಾಟಕ ಸಂಗೀತ ಕಲಿತ ಮಕ್ಕಳಿಗೆ ಇದು ಇನ್ನೂ ಕಷ್ಟ, ಏಕೆಂದರೆ ಅವರ ಕಿವಿ ಅಷ್ಟು ಚುರುಕು. ಟೀಚರ್ ಒಂದು ಸಲ ನುಡಿಸಿ ತೋರಿಸಿದರೆ ಸಾಕು, ಪುಟದ ಮೇಲಿನ ಕಣ್ಣು ಆಚೆ ಹೋಗುತ್ತದೆ. ಟೀಚರ್‌ಗೂ ಗೊತ್ತಾಗುವುದಿಲ್ಲ, ಪಾಠ ಚೆನ್ನಾಗಿಯೇ ನಡೆಯುತ್ತಿದೆ ಅನ್ನಿಸುತ್ತಿರುತ್ತದೆ. ದಿನಕ್ಕೆ ಹತ್ತೇ ನಿಮಿಷ ತೆಗೆದಿಡಿ. ಎಂದೂ ಕೇಳಿರದ ಎಂಟು ಬಾರ್‌ಗಳ (ನಮ್ಮ ತಾಳದ ಆವರ್ತದಂಥ ಭಾಗಗಳ) ತುಣುಕು, ಅರ್ಧ ನಿಮಿಷ ಬರೀ ನೋಡುವುದು. ಎಷ್ಟು ಶಾರ್ಪ್, ಎಷ್ಟು ಫ್ಲಾಟ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ, ಇಳಿಸುವ ಗುರುತು), ಎಷ್ಟು ಬೀಟ್, ಅತಿ ಹೆಚ್ಚು ಸ್ವರ ತುಂಬಿರುವ ಬಾರ್ ಯಾವುದು. ಆ ಬಾರ್ ನುಡಿಸಲು ಬರುವ ವೇಗವೇ ಇಡೀ ತುಣುಕಿನ ವೇಗ. ಶುರು ಮಾಡಿದ ಮೇಲೆ ತಪ್ಪಾದರೂ ನಿಲ್ಲುವಂತಿಲ್ಲ, ತಿದ್ದಲು ಹಿಂದೆ ಹೋಗುವಂತಿಲ್ಲ. ಒಂದು ಸ್ವರ ತಪ್ಪಿದರೆ ಪಕ್ಕದವರು ಗಮನಿಸುವುದೂ ಇಲ್ಲ, ಒಂದು ಬೀಟ್ ತಪ್ಪಿದರೆ ಇಡೀ ಸಾಲಿಗೆ ಗೊತ್ತಾಗುತ್ತದೆ. ನಿನ್ನ ಕಡೆಯಿಂದ ಬೇಕಾದ್ದು ಬೀಟ್ ತಟ್ಟುವ ಮೆಟ್ರೊನೋಮ್ ಹಾಕಿಟ್ಟು ಸುಮ್ಮನೆ ಕೂರುವುದು, ಅಷ್ಟೇ.

ತಾಳದ ಪಾಠ ಮಾತ್ರ ಅವಳಿಗೆ ದೊಡ್ಡ ಆಸ್ತಿ. ಮಿಶ್ರ ಚಾಪು ಕೈಯಲ್ಲಿ ಹಾಕಿ ಬೆಳೆದವಳಿಗೆ ಏಳು ಬೀಟಿನ ಬಾರ್ ಬಂದರೆ ಗಾಬರಿಯಾಗುವುದಿಲ್ಲ, ಬೇರೆ ಮಕ್ಕಳು ಪರದಾಡುತ್ತಾರೆ. ತೊಂದರೆ ಕೊಡುವುದು ಎಡಗೈ. ಪೊಸಿಷನ್ (ತಂತಿಯ ಮೇಲೆ ಎಡಗೈ ಇರುವ ಜಾಗ) ಬದಲಿಸುವಾಗ ಬೆರಳು ಜಾರಿಕೊಂಡು ಹೋಗಿ ಸ್ವರ ಮುಟ್ಟುವ ರೂಢಿ ಗಮಕದಲ್ಲಿ ಶೋಭೆ. ಹದಿನಾರು ಪಿಟೀಲು ಒಟ್ಟಿಗೆ ನುಡಿಸುವಾಗ ಅದೊಂದೇ ಎದ್ದು ಕೇಳುತ್ತದೆ. ಒಂದೇ ವಾದ್ಯದಲ್ಲಿ ಕರ್ನಾಟಕ, ಪಾಶ್ಚಾತ್ಯ ಎರಡೂ ನುಡಿಸುವುದನ್ನು ನಿಲ್ಲಿಸಿ. ಷಡ್ಜ-ಪಂಚಮಕ್ಕೆ ತಂತಿ ಇಳಿಸುವುದು, ಮತ್ತೆ ಆರ್ಕೆಸ್ಟ್ರಾ ಶ್ರುತಿಗೆ ಏರಿಸುವುದು ಮಾಡುತ್ತಿದ್ದರೆ ಕುದುರೆ ವಾಲುತ್ತದೆ, ಬಿರಡೆ ಜಾರುತ್ತದೆ, ತಂತಿ ಶ್ರುತಿಯಲ್ಲಿ ನಿಲ್ಲುವುದೇ ಇಲ್ಲ. ಬೆರಳಿಗೆ ಎಣ್ಣೆ ಹಚ್ಚಿ ನುಡಿಸುವ ಅಭ್ಯಾಸ ಇದ್ದರಂತೂ ಎಣ್ಣೆ ತಂತಿಯಿಂದ ಕಮಾನಿನ ಕೂದಲಿಗೆ ಹತ್ತುತ್ತದೆ. ಆಮೇಲೆ ಎಷ್ಟು ರೋಸಿನ್ ತಿಕ್ಕಿದರೂ ಆ ಜಾಗದಲ್ಲಿ ಕಮಾನು ಹಿಡಿಯದೆ ಜಾರುತ್ತದೆ, ಕೂದಲು ಬದಲಿಸದೆ ಗತಿಯಿಲ್ಲ. ಹಳೆಯ ಪಿಟೀಲು ಕರ್ನಾಟಕ ಪಾಠಕ್ಕಿರಲಿ.

ಆಡಿಷನ್‌ಗೆ ಸಾಮಾನ್ಯವಾಗಿ ತನಗಿಷ್ಟವಾದ ಒಂದು ಪೀಸ್, ಜೊತೆಗೆ ಆರ್ಕೆಸ್ಟ್ರಾ ಕೃತಿಯೊಂದರ ತುಣುಕು ಕೇಳುತ್ತಾರೆ. ಪೀಸ್ ವಿಷಯದಲ್ಲಿ ಅಪ್ಪ ಅಮ್ಮಂದಿರ ಆಸೆ ಯಾವಾಗಲೂ ಒಂದು ಮಟ್ಟ ಮೇಲೆ ಇರುತ್ತದೆ. ಒಂದು ಮಟ್ಟ ಕೆಳಗಿನದನ್ನು ಆರಿಸಿ, ನಿರಾಳವಾಗಿ ನುಡಿಸಲಿ. ತುಣುಕಿನ ಅಭ್ಯಾಸಕ್ಕೆ ಮೊಜಾರ್ಟ್‌ನ 39ನೇ ಸಿಂಫನಿಯ ಕೊನೆಯ ಭಾಗ ಒಳ್ಳೆಯದು, ಪಿಟೀಲು ಆಡಿಷನ್‌ಗಳಲ್ಲಿ ಪದೇ ಪದೇ ಬರುತ್ತದೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಮುದ್ರಣದ ಪಾರ್ಟ್ (ಒಂದು ವಾದ್ಯದ ಪಾಲಿನ ಸ್ವರಲಿಪಿ) ಐಎಂಎಸ್‌ಎಲ್‌ಪಿ ಎಂಬ ಜಾಲತಾಣದಲ್ಲಿ ಉಚಿತ. ಮೊದಲ ಎಂಟು ಬಾರ್ ಮೆತ್ತಗೆ ಇರಬೇಕು, ಆಮೇಲೆ ಇಡೀ ಆರ್ಕೆಸ್ಟ್ರಾ ಜೋರಾಗಿ ಬಂದು ಬೀಳುತ್ತದೆ. ಮಕ್ಕಳು ಮೊದಲ ಬಾರ್‌ನಿಂದಲೇ ಜೋರಾಗಿ ನುಡಿಸುತ್ತಾರೆ, ಕೇಳುವವರು ಅಲ್ಲೇ ಒಂದು ಗುರುತು ಹಾಕಿಕೊಳ್ಳುತ್ತಾರೆ. ಎರಡನೇ ತಪ್ಪು ವೇಗ. ರೆಕಾರ್ಡಿಂಗ್ ಕೇಳಿ ಅದೇ ಓಟದಲ್ಲಿ ಹೊರಟು, ಒಂದು ಬೀಟಿಗೆ ನಾಲ್ಕು ಸ್ವರದ ಸಾಲು ಶುರುವಾದೊಡನೆ ಕುಸಿಯುತ್ತಾರೆ. ಮೆಟ್ರೊನೋಮ್ ನಿಮಿಷಕ್ಕೆ 80 ಬೀಟಿನಲ್ಲಿ ಹಿಡಿದು ನಾಲ್ಕು ನಾಲ್ಕಾಗಿ ಏರಿಸಲಿ. ಆದರೆ ನಿಧಾನದಲ್ಲಿ ನುಡಿಸುವಾಗಲೂ ವೇಗದಲ್ಲಿ ಬಳಸುವ ಕಮಾನಿನ ಭಾಗವನ್ನೇ, ಅಂದರೆ ನಡುವಿನ ಎರಡು ಮೂರು ಬೆರಳಗಲವನ್ನೇ ಬಳಸಬೇಕು. ಉದ್ದ ಕಮಾನು ಎಳೆದು ಕಲಿತರೆ ವೇಗ ಏರಿದಾಗ ಕೈ ಬೇರೆಯೇ ಚಲನೆ ಕಲಿಯಬೇಕಾಗುತ್ತದೆ, ಅಷ್ಟು ದಿನದ ಶ್ರಮ ನೀರಲ್ಲಿ ಹೋಮ.

ವಿಡಿಯೊ ಕಳಿಸುವುದಾದರೆ ಫೋನು ಅಡ್ಡ ಇಟ್ಟು ಎರಡೂವರೆ ಮೂರು ಮೀಟರ್ ದೂರದಲ್ಲಿರಲಿ. ಹತ್ತಿರ ಇಟ್ಟರೆ ಫೋನು ತಾನೇ ಸದ್ದನ್ನು ಸಮ ಮಾಡಿಬಿಡುತ್ತದೆ, ಮೆತ್ತಗೂ ಜೋರೂ ಒಂದೇ ಥರ ಕೇಳುತ್ತದೆ. ಎರಡು ಕೈ, ಪೂರ್ತಿ ಕಮಾನು ಕಾಣಬೇಕು. ನಡುವೆ ಕತ್ತರಿಸಿ ಅಂಟಿಸಬೇಡ.

ಒಂದು ಮಾತು ಅವಳೊಂದಿಗೂ ಟೀಚರ್ ಜೊತೆಗೂ ಆಡಿ ನೋಡು: ವಯೋಲಾ, ಪಿಟೀಲಿಗಿಂತ ತುಸು ದೊಡ್ಡ, ತಗ್ಗಿದ ದನಿಯ ವಾದ್ಯ. ದೊಡ್ಡ ಸಿಂಫನಿ ಆರ್ಕೆಸ್ಟ್ರಾದಲ್ಲಿ ಮೊದಲ ಪಿಟೀಲು 16, ಎರಡನೆಯದು 14, ವಯೋಲಾ 12, ಚೆಲ್ಲೋ 10, ಡಬಲ್ ಬೇಸ್ 8, ಇದು ರೂಢಿಯ ಲೆಕ್ಕ. ಪಿಟೀಲಿನವರು ಬೀದಿಗೊಬ್ಬರಿದ್ದಾರೆ, ವಯೋಲಾ ನುಡಿಸುವ ಮಕ್ಕಳನ್ನು ಹುಡುಕಿ ತರಬೇಕು. ಹದಿಮೂರು ವರ್ಷದವಳಿಗೆ 15 ಇಂಚಿನ ವಾದ್ಯ ಸಾಕಾಗಬಹುದು, ಕೈ ಅಳೆದೇ ತೆಗೆದುಕೊಳ್ಳಿ. ವಯೋಲಾದ ಸ್ವರಲಿಪಿ ಇರುವ ಆಲ್ಟೊ ಕ್ಲೆಫ್ ಓದಲು ‘ಪಿಟೀಲಿನ ಮೂರನೇ ಪೊಸಿಷನ್ ಅಂದುಕೊಂಡು ನುಡಿಸು’ ಅನ್ನುವ ಉಪಾಯ ಯಾರಾದರೂ ಹೇಳಿಕೊಡುತ್ತಾರೆ. ಬೆರಳು ಸರಿಯಾಗಿಯೇ ಬೀಳುತ್ತದೆ, ಆದರೆ ವಯೋಲಾದಲ್ಲೇ ಪೊಸಿಷನ್ ಬದಲಿಸಬೇಕಾದಾಗ ತಲೆ ಕೆಡುತ್ತದೆ. ಸ್ವರದ ಹೆಸರು ಹಿಡಿದೇ ಕಲಿಯಲಿ. ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ.

ವಾದ್ಯವನ್ನು ಮೊದಲು ನಿಮ್ಮೂರಿನ ಮ್ಯೂಸಿಕ್ ಹಬ್‌ನಲ್ಲಿ (ಮಕ್ಕಳ ಸಂಗೀತ ಕಲಿಕೆಗೆಂದಿರುವ ಸ್ಥಳೀಯ ಸಂಸ್ಥೆಯಲ್ಲಿ) ಸಾಲ ಕೇಳಿ. ಕೊಳ್ಳುವುದೇ ಆದರೆ ಅಂಗಡಿಗೆ ಹೋಗುವ ಮುಂಚೆ ಶಾಲೆಯಲ್ಲಿ ವಿಚಾರಿಸು. ಸರ್ಕಾರಿ ಶಾಲೆಯಲ್ಲಿ ಓದುತ್ತಾ, ಅಲ್ಲೇ ವಾದ್ಯದ ಪಾಠ ಹೇಳಿಸಿಕೊಳ್ಳುವ ಮಕ್ಕಳಿಗೆ ಶಾಲೆಯ ಮೂಲಕ ಕೊಂಡರೆ ವ್ಯಾಟ್ ತೆರಿಗೆ ಬೀಳದ ಯೋಜನೆಯಿದೆ, 600 ಪೌಂಡಿನ ವಾದ್ಯ 500ಕ್ಕೆ ಬರುತ್ತದೆ. ನೀನೇ ದುಡ್ಡು ಕೊಟ್ಟು ಬಂದು ಆಮೇಲೆ ಕೇಳಿದರೆ ಆಗುವುದಿಲ್ಲ. ಆರ್ಕೆಸ್ಟ್ರಾದ ಖರ್ಚಿಗೆ ಸಹಾಯಧನ ಇದೆಯೇ ಅಂತ ಅರ್ಜಿಯ ಜೊತೆಗೇ ಕೇಳಬೇಕು, ಸಂಕೋಚ ಪಡಬೇಡ. ಕೇಳಿದ್ದು ಆಡಿಷನ್ ಕೇಳುವವರ ಮುಂದೆ ಹೋದೀತೆಂಬ ಅಂಜಿಕೆ ಇದ್ದರೆ, ಆಫೀಸಿಗೆ ಫೋನ್ ಮಾಡಿ ಅದನ್ನೇ ನೇರವಾಗಿ ಕೇಳಿಬಿಡು.

ಇನ್ನು ನಮ್ಮವರು ಸೀಟು ಸಿಕ್ಕ ಮೇಲೆ ಕಳೆದುಕೊಳ್ಳುವ ಜಾಗ: ರಜೆ. ಇಂಥ ತಂಡಗಳು ಶಿಬಿರ ಇಡುವುದು ಶಾಲೆಯ ರಜೆಯಲ್ಲೇ, ನೀವು ಬೆಂಗಳೂರಿಗೆ ಟಿಕೆಟ್ ಮಾಡುವುದೂ ಆಗಲೇ. ಒಂದು ಶಿಬಿರ ತಪ್ಪಿದರೆ ಆ ಸರದಿಯ ಸಂಗೀತ ಕಚೇರಿಯೂ ತಪ್ಪಿತು. ಅರ್ಜಿ ಹಾಕುವ ದಿನವೇ ಆ ವರ್ಷದ ದಿನಾಂಕಗಳನ್ನು ಅಜ್ಜಿಗೂ ತಿಳಿಸಿಬಿಡು. ಶಿಬಿರದ ಫಾರ್ಮ್‌ನಲ್ಲಿ ಬರೀ ‘ಸಸ್ಯಾಹಾರಿ’ ಅಂತ ಬರೆದರೆ ಮೊಟ್ಟೆ ತಟ್ಟೆಗೆ ಬರುತ್ತದೆ, ಬೇಡವಾದರೆ ಬೇಡ ಅಂತ ಬಿಡಿಸಿ ಬರೆ.

ಅದಕ್ಕೆಲ್ಲ ಮುಂಚೆ, ಈ ಟರ್ಮ್‌ನಿಂದಲೇ ಊರಿನ ಶನಿವಾರದ ಆರ್ಕೆಸ್ಟ್ರಾಗೆ ಸೇರಿಸು, ಎರಡನೇ ಪಿಟೀಲಿನ ಹಿಂದಿನ ಸಾಲಾದರೂ ಸರಿ. ಸ್ವರಲಿಪಿ ಇಡುವ ಒಂದು ಸ್ಟ್ಯಾಂಡಿಗೆ ಇಬ್ಬರು. ಸಭೆಯಿಂದ ಒಳಬದಿಗೆ ಕೂತವರು ಪುಟ ತಿರುಗಿಸಬೇಕು, ಗುರುತುಗಳನ್ನು ಬರೆಯಬೇಕು. ಪೆನ್ನು ಬೇಡ, ಪೆನ್ಸಿಲ್. ಮನೆಯಲ್ಲಿ ಪಾರ್ಟ್ ಅಷ್ಟೂ ಕಲಿತ ಮಗು ಮೊದಲ ರಿಹರ್ಸಲ್‌ನಲ್ಲಿ ಕಂಗಾಲಾಗುವುದು ನುಡಿಸಬೇಕಾದ ಕಡೆ ಅಲ್ಲ, 23 ಬಾರ್ ಸುಮ್ಮನಿದ್ದು ಸರಿಯಾಗಿ ಒಳಗೆ ಬರಬೇಕಾದ ಕಡೆ. ರೆಕಾರ್ಡಿಂಗ್ ಕೇಳುತ್ತಾ ಪಾರ್ಟ್ ಮೇಲೆ ಬೆರಳಿಟ್ಟು ಹೋಗಲಿ, ತನ್ನ ಸರದಿಗೆ ಮುಂಚೆ ಯಾವ ವಾದ್ಯ ಏನು ನುಡಿಸುತ್ತದೆ ಅಂತ ಆ ಖಾಲಿ ಜಾಗದ ಮೇಲೆ ಬರೆದುಕೊಳ್ಳಲಿ. ‘ಓಬೋ ಬಂತು, ಇನ್ನೆರಡು ಬಾರ್’ ಅಷ್ಟು ಸಾಕು.

ಅವಳು ಯಾವ ಪೀಸ್ ಆರಿಸುತ್ತಾಳೆ ಅಂತ ಬರೆ. ಮೊಜಾರ್ಟ್ ಪಾರ್ಟ್‌ಗೆ ಬೆರಳು, ಕಮಾನಿನ ಗುರುತು ಹಾಕಿ ಸ್ಕ್ಯಾನ್ ಮಾಡಿ ಕಳಿಸುತ್ತೇನೆ, ಅವಳ ಟೀಚರ್ ಬದಲಿಸಿದರೆ ಅವರು ಹೇಳಿದ್ದನ್ನೇ ಇಟ್ಟುಕೊಳ್ಳಿ.

ನಿನ್ನ ಗೆಳೆಯ